ಕೇರೆ ಹಾವಿನ ದೊಡ್ಡ ಮನೆತನ

(ಕಲಿಕೆ ಕೇಂದ್ರದಲ್ಲಿ ಒಂದು ಸಂಜೆ ಆಡಿದ ಮಾತು)



ಎಲ್ಲರೂ ಬಂದಿರಾ? ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಅಲ್ಲಿಗೆ ಬೆಳಕು ಸಾಲದು. ಇವತ್ತು ಸ್ಲೇಟು, ಪುಸ್ತಕ ಬದಿಗಿಡಿ. ಇವತ್ತು ಬರೀ ಮಾತು.

ಹೋದ ಸೋಮವಾರ ಏನಾಯಿತು, ನಿಮಗೆಲ್ಲ ನೆನಪಿದೆ. ನಾವು ಪಾಠ ಓದುತ್ತಾ ಇದ್ದೆವು. ಹೊರಗಿನಿಂದ ಕೂಗು ಬಂತು. “ಹಾವು! ಹಾವು!” ಅಷ್ಟೇ. ಪುಸ್ತಕ ಅಲ್ಲೇ ಬಿತ್ತು. ಎಲ್ಲರೂ ಎದ್ದು ಓಡಿದೆವು. ನಾನೂ ಓಡಿದೆ, ಸುಳ್ಳು ಯಾಕೆ ಹೇಳಲಿ. ಕೇಂದ್ರದ ಹಿಂದೆ ಕಟ್ಟಿಗೆ ರಾಶಿ ಇದೆಯಲ್ಲ, ಅದರ ಹತ್ತಿರ ಹುಡುಗರು ಕೋಲು ಹಿಡಿದು ನಿಂತಿದ್ದರು. ನಾವು ಹೋಗುವಷ್ಟರಲ್ಲಿ ಕೆಲಸ ಮುಗಿದಿತ್ತು. ನಾಲ್ಕು ಮೊಳಕ್ಕಿಂತ ಉದ್ದದ ಹಾವು. ತಲೆ ಜಜ್ಜಿ ಹೋಗಿತ್ತು. ಬಾಲ ಇನ್ನೂ ಅಲ್ಲಾಡುತ್ತಿತ್ತು.

ಯಾರೋ “ನಾಗರ, ನಾಗರ” ಅಂದರು. ನಮ್ಮ ಅಜ್ಜಿಯೊಬ್ಬರು ಅತ್ತೇಬಿಟ್ಟರು. ದೋಷ ಬರುತ್ತದೆ ಅಂತ. ಆಮೇಲೆ ಟಾರ್ಚು ಹಾಕಿ ನೋಡಿದರೆ ಅದು ನಾಗರ ಅಲ್ಲ, ಕೇರೆ. ಅಳು ನಿಂತಿತು. ಎಲ್ಲರಿಗೂ ಸಮಾಧಾನ ಆಯಿತು. ಆಗ ನಾನು, “ಪಾಪ, ಕೇರೆ ಹಾವನ್ನು ಯಾಕೆ ಹೊಡೆದಿರಿ?” ಅಂದೆ. ಅದಕ್ಕೆ ಒಬ್ಬ ಅಕ್ಕ ಹೇಳಿದರು, “ಕೇರೆ ಆದರೇನು ಟೀಚರ್, ಹಾವು ಹಾವೇ.”

ಆ ಅಕ್ಕನ ಹೆಸರು ಹೇಳಲ್ಲ. ಇಲ್ಲೇ ಕೂತು ನಗುತ್ತಿದ್ದಾರೆ. ಅವರ ಮಾತು ನನ್ನ ತಲೆಯಲ್ಲಿ ವಾರ ಪೂರ್ತಿ ಕೊರೆಯಿತು. ಹಾವು ಹಾವೇ ಅನ್ನುವುದು ನಿಜವಾ? ನಾನು ಹಾವಿನ ಪಂಡಿತೆ ಅಲ್ಲ. ಮಕ್ಕಳಿಗೆ ಪಾಠ ಹೇಳುವ ಟೀಚರ್ ಅಷ್ಟೇ. ಆದರೆ ನನ್ನ ಚಿಕ್ಕಮ್ಮನಿಗೆ ಹಾವು ಕಚ್ಚಿದ ಮೇಲೆ ನಾನು ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಚಿಕ್ಕಮ್ಮನ ಕತೆ ಆಮೇಲೆ ಹೇಳುತ್ತೇನೆ. ಮೊದಲು ಕೇರೆಯ ಮನೆತನ ಎಂಥದು ನೋಡೋಣ.

ನಮ್ಮಲ್ಲಿ ಮನೆತನ ಅಂತ ಇರುವುದಿಲ್ಲವೇ? ಹಾಗೆ ಹಾವುಗಳಲ್ಲೂ ಮನೆತನಗಳಿವೆ. ನಾಗರ, ಕಟ್ಟು ಹಾವು, ಮಲೆನಾಡಿನ ಕಾಳಿಂಗ ಸರ್ಪ, ಇವು ಒಂದು ಮನೆತನ. ಕೊಳಕು ಮಂಡಲ, ಗರಗಸ ಮಂಡಲ ಇನ್ನೊಂದು ಮನೆತನ. ಹೆಬ್ಬಾವಿನದು ಬೇರೆ. ಮಣ್ಣುಮುಕ್ಕ ಹಾವಿನದು ಬೇರೆ. ಇವೆಲ್ಲಕ್ಕಿಂತ ದೊಡ್ಡ ಮನೆತನ ಒಂದಿದೆ. ಅದೇ ನಮ್ಮ ಕೇರೆಯ ಮನೆತನ. ವಿಜ್ಞಾನಿಗಳು ಇದಕ್ಕೆ ಕೊಲುಬ್ರಿಡೇ ಅಂತ ಹೆಸರಿಟ್ಟಿದ್ದಾರೆ. ಲ್ಯಾಟಿನ್ ಅನ್ನುವ ಹಳೆಯ ಭಾಷೆಯಲ್ಲಿ ಕೊಲುಬರ್ ಅಂದರೆ ಹಾವು. ಈ ಹೆಸರು ಬಾಯಿಗೆ ಬರದಿದ್ದರೆ ಬೇಡ. ಕೇರೆಯ ಮನೆತನ ಅನ್ನೋಣ, ಸಾಕು.

ಇದು ಎಷ್ಟು ದೊಡ್ಡದು ಗೊತ್ತಾ? ಇಡೀ ಲೋಕದಲ್ಲಿ ಹಾವಿನ ಜಾತಿಗಳು ಸುಮಾರು 4000. ಅದರಲ್ಲಿ ಸುಮಾರು ಅರ್ಧ ಈ ಒಂದೇ ಮನೆತನಕ್ಕೆ ಸೇರಿದವು. ಹಿಮ ತುಂಬಿದ ಅಂಟಾರ್ಕ್ಟಿಕಾ ಒಂದು ಬಿಟ್ಟು ಎಲ್ಲ ಖಂಡಗಳಲ್ಲೂ ಇವೆ. ನೆಲದ ಮೇಲೆ ಹರಿಯುವವು, ಮರ ಹತ್ತುವವು, ನೀರಲ್ಲಿ ಈಜುವವು, ಮರದಿಂದ ಮರಕ್ಕೆ ತೇಲುವವು, ಎಲ್ಲ ಇದರಲ್ಲಿವೆ.

ಇಷ್ಟು ದೊಡ್ಡದು ಹೇಗಾಯಿತು? ಅದಕ್ಕೂ ಒಂದು ಕಾರಣ ಇದೆ. ನಾವು ಅಡುಗೆಮನೆ ಜೋಡಿಸುವಾಗ ಏನು ಮಾಡುತ್ತೇವೆ? ತಟ್ಟೆ ಒಂದು ಕಡೆ, ಲೋಟ ಒಂದು ಕಡೆ, ಡಬ್ಬಿ ಒಂದು ಕಡೆ. ಯಾವುದಕ್ಕೂ ಸೇರದ್ದೆಲ್ಲ ಅಟ್ಟಕ್ಕೆ. ಹಿಂದಿನ ಕಾಲದ ವಿಜ್ಞಾನಿಗಳೂ ಹೀಗೇ ಮಾಡಿದರು. ನಾಗರದ ಗುಂಪಿಗೂ ಸೇರದ, ಮಂಡಲದ ಗುಂಪಿಗೂ ಸೇರದ ಹಾವುಗಳನ್ನೆಲ್ಲ ಈ ಮನೆತನಕ್ಕೆ ಹಾಕಿದರು. ಈಗಿನವರು ರಕ್ತ, ಜೀವಕೋಶ ಎಲ್ಲ ಪರೀಕ್ಷೆ ಮಾಡಿ ಅಟ್ಟವನ್ನು ಗುಡಿಸುತ್ತಿದ್ದಾರೆ. ಯಾರು ಯಾರಿಗೆ ನಿಜವಾದ ನೆಂಟರು ಅಂತ ನೋಡುತ್ತಿದ್ದಾರೆ. ನೀರು ಹಾವುಗಳನ್ನು ಕೆಲವರು ಈ ಮನೆತನದಲ್ಲೇ ಇಟ್ಟಿದ್ದಾರೆ. ಕೆಲವರು ಪಾಲು ಮಾಡಿ ಬೇರೆ ಒಲೆ ಹಾಕಿಸಿದ್ದಾರೆ. ಅಣ್ಣತಮ್ಮಂದಿರ ಪಾಲಿನ ಜಗಳ ಇದ್ದ ಹಾಗೆ. ನಾವು ನಡುವೆ ಹೋಗುವುದು ಬೇಡ. ನಾನಂತೂ ನೀರು ಹಾವನ್ನು ಈ ಮನೆಯಲ್ಲೇ ಇಟ್ಟು ಮಾತಾಡುತ್ತೇನೆ.

ಈಗ ಕೇರೆಯನ್ನೇ ನೋಡಿ. ಹಗಲು ಓಡಾಡುವ ಹಾವು ಇದು. ಆರು, ಏಳು ಅಡಿ ಬೆಳೆಯುತ್ತದೆ. ಬಣ್ಣ ಕಂದು, ಕೆಲವು ಹಳದಿ, ಕೆಲವು ಕಪ್ಪು. ಕಣ್ಣು ದೊಡ್ಡದು, ದುಂಡಗೆ. ತುಟಿಯ ಮೇಲೆ ಮಸಿಯಲ್ಲಿ ಗೀಟು ಎಳೆದ ಹಾಗೆ ಕಪ್ಪು ಗೆರೆಗಳಿವೆ. ಬಾಲದ ಕಡೆ ಅಡ್ಡಡ್ಡ ಕಪ್ಪು ಪಟ್ಟೆ. ಹೆಡೆ ಇಲ್ಲ. ಮನುಷ್ಯರ ಸದ್ದು ಕಂಡರೆ ಅದು ಮಾಡುವ ಮೊದಲ ಕೆಲಸ ಓಡುವುದು. ನೀವು ಹೆದರಿ ಒಂದು ಹೆಜ್ಜೆ ಹಿಂದೆ ಇಡುವಷ್ಟರಲ್ಲಿ ಅದು ಬೇಲಿ ದಾಟಿರುತ್ತದೆ. ಮೂಲೆಗೆ ಸಿಕ್ಕಿಸಿದರೆ ಕತ್ತು ಉಬ್ಬಿಸಿ ಬುಸ್ ಅನ್ನುತ್ತದೆ, ಕಚ್ಚುತ್ತದೆ. ಕಚ್ಚಿದರೆ ರಕ್ತ ಬರುತ್ತದೆ, ನೋಯುತ್ತದೆ. ವಿಷ ಇಲ್ಲ.

ಇದರ ಊಟ ಇಲಿ, ಹೆಗ್ಗಣ, ಕಪ್ಪೆ, ಓತಿಕ್ಯಾತ. ಈಗ ಲೆಕ್ಕ ಹಾಕಿ. ಇಲಿ ಗಬ್ಬ ಕಟ್ಟಿ ಸುಮಾರು ಮೂರು ವಾರಕ್ಕೆ ಮರಿ ಹಾಕುತ್ತದೆ. ಒಂದು ಸೂಲಿಗೆ ಐದೋ, ಎಂಟೋ, ಹತ್ತೋ. ಆ ಮರಿಗಳು ಕೆಲವೇ ತಿಂಗಳಲ್ಲಿ ತಾವೇ ಮರಿ ಹಾಕುತ್ತವೆ. ಗದ್ದೆಯ ಬದುವಿನಲ್ಲಿ ಬಿಲ ತೋಡಿ ತೆನೆ ಕಚ್ಚಿಕೊಂಡು ಹೋಗುತ್ತವೆ. ಮನೆಗೆ ಬಂದರೆ ಚೀಲ ಕಡಿಯುತ್ತವೆ, ಕೌದಿ ಕಡಿಯುತ್ತವೆ. ಬೆಕ್ಕು ಬಿಲದ ಬಾಯಲ್ಲಿ ಕಾಯಬೇಕು. ಕೇರೆ ಬಿಲದ ಒಳಗೇ ಹೋಗುತ್ತದೆ. ಮರಿಗಳನ್ನೂ ಬಿಡುವುದಿಲ್ಲ. ಸಂಬಳ ಕೇಳದ ಆಳು ಅದು. ಹೋದ ಸೋಮವಾರ ನಾವು ಆ ಆಳನ್ನು ಹೊಡೆದು ಹಾಕಿದೆವು. ಕಟ್ಟಿಗೆ ರಾಶಿಯ ಇಲಿಗಳು ಈಗ ಹಬ್ಬ ಮಾಡುತ್ತಿರಬೇಕು.

ಕೇರೆಯ ಮೇಲೆ ನಮ್ಮ ಜನ ಹೊರಿಸಿದ ಸುಳ್ಳು ಒಂದೆರಡಲ್ಲ. ಕೊಟ್ಟಿಗೆಗೆ ಬಂದು ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಅಂತಾರೆ. ನೀವೇ ಹಾಲು ಕರೆಯುವವರು, ನೀವೇ ಹೇಳಿ. ಹಾವಿನ ಬಾಯಲ್ಲಿ ಚೂಪು ಹಲ್ಲುಗಳು ಹಿಂದಕ್ಕೆ ಬಾಗಿ ನಿಂತಿರುತ್ತವೆ. ಆ ಬಾಯಿ ಕೆಚ್ಚಲಿಗೆ ತಾಗಿದರೆ ಹಸು ಸುಮ್ಮನೆ ನಿಲ್ಲುತ್ತದಾ? ಕರು ಸ್ವಲ್ಪ ಜೋರಾಗಿ ಗುದ್ದಿದರೇ ಒದೆಯುತ್ತದೆ! ಹಾವಿಗೆ ಕರುವಿನ ಹಾಗೆ ಚೀಪುವ ತುಟಿಯೂ ಇಲ್ಲ. ಅದು ಕೊಟ್ಟಿಗೆಗೆ ಬರುವುದು ಇಲಿ ಹುಡುಕಿಕೊಂಡು. ಬೆಳಿಗ್ಗೆ ಹಾಲು ಕಡಿಮೆ ಬಂದರೆ ಕಾರಣ ಬೇರೆ ಇರುತ್ತದೆ. ಯಾರು ಮೊದಲೇ ಕರೆದುಕೊಂಡರೋ ಮನೆಯವರನ್ನೇ ಕೇಳಿ.

ಇನ್ನೊಂದು ಮಾತು, ಕೇರೆಗೂ ನಾಗರಕ್ಕೂ ಸಂಬಂಧ ಇದೆ ಅನ್ನುವುದು. ಎರಡು ಹಾವು ಹಗ್ಗ ಹೊಸೆದ ಹಾಗೆ ಹೆಣೆದುಕೊಂಡು ನೆಟ್ಟಗೆ ನಿಲ್ಲುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದನ್ನು ನೋಡಿ ಕೈ ಮುಗಿಯುತ್ತಾರೆ. ಕೆಲವರು ಮೇಲೆ ಬಟ್ಟೆ ಹಾಕಿ, ಆ ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ. ನಿಜಕ್ಕೂ ಅವು ಗಂಡು ಹೆಣ್ಣಲ್ಲ. ಹೆಚ್ಚಾಗಿ ಎರಡೂ ಗಂಡು ಕೇರೆಗಳು. ಹೆಣ್ಣಿಗಾಗಿ ಕುಸ್ತಿ ಮಾಡುತ್ತಿರುತ್ತವೆ. ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಿದರೆ ಗೆದ್ದ ಹಾಗೆ. ಸೋತದ್ದು ಸುಮ್ಮನೆ ಹೊರಟು ಹೋಗುತ್ತದೆ. ಕಚ್ಚಾಟ ಇಲ್ಲ, ಕೋರ್ಟು ಕಚೇರಿ ಇಲ್ಲ. ನಾಗರದ ಜೊತೆ ಕೇರೆ ಸಂಸಾರ ಮಾಡುವುದಿಲ್ಲ. ಎರಡೂ ಬೇರೆ ಬೇರೆ ಮನೆತನ. ಆ ಮನೆತನದ ಕಾಳಿಂಗ ಸರ್ಪ ಮಲೆನಾಡಿನಲ್ಲಿ ಕೇರೆಯನ್ನೇ ಹಿಡಿದು ನುಂಗುತ್ತದೆ.

ಈ ಮನೆತನದ ಉಳಿದವರನ್ನೂ ನೀವು ದಿನಾ ನೋಡುತ್ತೀರಿ. ಕೆರೆ ದಂಡೆಯಲ್ಲಿ ಬಟ್ಟೆ ಒಗೆಯುವಾಗ ಕಾಣುವ ನೀರು ಹಾವು. ಕೆಲವು ಕಡೆ ನೀರೊಳ್ಳೆ ಅಂತಾರೆ. ಮೈ ಮೇಲೆ ಚದುರಂಗದ ಮಣೆ ಹಾಗೆ ಕಪ್ಪು ಚೌಕ. ಮೀನು, ಕಪ್ಪೆ ತಿನ್ನುತ್ತದೆ. ಇದು ಸ್ವಲ್ಪ ಸಿಡುಕ. ಹಿಡಿಯಲು ಹೋದರೆ ಕತ್ತು ಚಪ್ಪಟೆ ಮಾಡಿ ನಾಗರದ ಹಾಗೆ ಹೆದರಿಸುತ್ತದೆ, ಗಟ್ಟಿಯಾಗಿ ಕಚ್ಚುತ್ತದೆ. ಆದರೆ ವಿಷ ಇಲ್ಲ.

ಬೇಲಿಯಲ್ಲಿ, ಹೂವಿನ ಗಿಡದಲ್ಲಿ ಬಳ್ಳಿ ಹಾಗೆ ತೂಗುವ ಹಸಿರು ಹಾವು ಗೊತ್ತಲ್ಲ? ಕಣ್ಣು ಕುಕ್ಕುತ್ತದೆ ಅಂತ ಅದಕ್ಕೆ ಹೆದರುತ್ತೇವೆ. ನಾನು ಚಿಕ್ಕವಳಿದ್ದಾಗ ಬೇಲಿ ಹತ್ತಿರ ಹೋಗುವಾಗ ಕಣ್ಣಿಗೆ ಕೈ ಅಡ್ಡ ಹಿಡಿದು ಓಡುತ್ತಿದ್ದೆ. ಅದರ ಮೂತಿ ಚೂಪು. ಕಣ್ಣಿನ ಪಾಪೆ ಅಡ್ಡ ಗೆರೆಯ ಹಾಗೆ ಇದೆ. ಹಲ್ಲಿ, ಓತಿಕ್ಯಾತ ಹಿಡಿಯುತ್ತದೆ. ಕಣ್ಣು ಕುಕ್ಕುವುದು ಅದರ ಕೆಲಸ ಅಲ್ಲ. ಬಾಯಿಯ ಹಿಂಭಾಗದ ಹಲ್ಲಿನಲ್ಲಿ ಸ್ವಲ್ಪ ವಿಷ ಇದೆ. ಅದು ಹಲ್ಲಿಗೆ ಸಾಕು. ಮನುಷ್ಯರಿಗೆ ಕಚ್ಚಿದರೆ ಸ್ವಲ್ಪ ಊತ, ಸ್ವಲ್ಪ ನೋವು. ಇದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಕೇರೆ, ನೀರು ಹಾವು ಮೊಟ್ಟೆ ಇಡುತ್ತವೆ. ಒಂದೇ ಮನೆತನ, ಒಬ್ಬೊಬ್ಬರದು ಒಂದೊಂದು ರೀತಿ. 2020ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹಸಿರು ಹಾವುಗಳನ್ನು ಪರೀಕ್ಷೆ ಮಾಡಿ, ಒಂದೇ ಜಾತಿ ಅಂದುಕೊಂಡಿದ್ದು ಒಂದಲ್ಲ, ಹಲವು ಜಾತಿ ಅಂತ ತೋರಿಸಿದರು. ಬಯಲುಸೀಮೆಯದೇ ಬೇರೆ, ಘಟ್ಟದ್ದೇ ಬೇರೆ. ನಮ್ಮ ಬೇಲಿಯಲ್ಲೇ ಇರುವ ಹಾವು, ಅದರ ನಿಜವಾದ ಗುರುತು ಇಷ್ಟು ತಡವಾಗಿ ಸಿಕ್ಕಿತು.

ಮಲೆನಾಡಿನ ಕಡೆಯವರು ಯಾರಾದರೂ ಇದ್ದರೆ ಅವರಿಗೆ ಹಾರುವ ಹಾವು ಗೊತ್ತಿರುತ್ತದೆ. ರೆಕ್ಕೆ ಇಲ್ಲ. ಪಕ್ಕೆಲುಬು ಅಗಲ ಮಾಡಿ ಮೈಯನ್ನು ಚಪ್ಪಟೆ ಮಾಡಿಕೊಂಡು ಎತ್ತರದ ಕೊಂಬೆಯಿಂದ ಜಿಗಿಯುತ್ತದೆ, ಗಾಳಿಯಲ್ಲಿ ತೇಲಿ ಇನ್ನೊಂದು ಮರಕ್ಕೆ ಇಳಿಯುತ್ತದೆ. ಮರದ ಮೇಲೇ ಇರುವ ಇನ್ನೊಂದು ತೆಳ್ಳನೆಯ ಕಂದು ಹಾವಿಗೆ ಕೆಲವು ಕಡೆ ಕೊಂಬೇರಿ ಮೂರ್ಖ ಅಂತ ಹೆಸರು. ಕಚ್ಚಿದವರು ಸತ್ತು ಸುಟ್ಟ ಹೊಗೆ ಕಾಣುವವರೆಗೆ ಅದು ಮರದ ತುದಿಯಲ್ಲಿ ಕೂತು ಕಾಯುತ್ತದಂತೆ! ಅದರ ಕಡಿತದಿಂದ ಯಾರೂ ಸಾಯುವುದೇ ಇಲ್ಲ. ಪಾಪ, ಎಷ್ಟು ದಿನ ಕಾಯಬೇಕೋ.

ಬೆಕ್ಕಿನ ಹಾಗೆ ಕಣ್ಣಿರುವ ಬೆಕ್ಕು ಹಾವೂ ಈ ಮನೆತನದ್ದೇ. ರಾತ್ರಿ ಓಡಾಡುತ್ತದೆ. ಇದರ ಒಬ್ಬ ದಾಯಾದಿ ಮಾಡಿದ ಅನಾಹುತ ಕೇಳಿ. ದೂರದ ಸಮುದ್ರದಲ್ಲಿ ಗುವಾಮ್ ಅಂತ ಒಂದು ಪುಟ್ಟ ದ್ವೀಪ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಡಗಿನ ಸಾಮಾನಿನ ಜೊತೆ ಈ ಜಾತಿಯ ಹಾವು ಅಲ್ಲಿಗೆ ಹೋಗಿ ಸೇರಿತು. ಅಲ್ಲಿನ ಹಕ್ಕಿಗಳಿಗೆ ಇಂಥ ಹಾವೇ ಗೊತ್ತಿರಲಿಲ್ಲ. ಹಾವು ಗೂಡಿಗೆ ಬಂದರೂ ಹೆದರಲಿಲ್ಲ. ಕೆಲವು ದಶಕಗಳಲ್ಲಿ ಅಲ್ಲಿನ ಕಾಡು ಹಕ್ಕಿಗಳಲ್ಲಿ ಹೆಚ್ಚಿನವು ಇಲ್ಲವಾದವು. ಹಾವು ಕೆಟ್ಟದ್ದು ಅಂತ ಇದನ್ನು ಹೇಳುತ್ತಿಲ್ಲ. ಇರಬೇಕಾದ ಜಾಗ ಬಿಟ್ಟು ಬೇರೆ ಕಡೆ ಹೋದರೆ ಹೀಗಾಗುತ್ತದೆ. ಇರಬೇಕಾದ ಜಾಗದಿಂದ ಅದನ್ನು ತೆಗೆದು ಹಾಕಿದರೂ ಲೆಕ್ಕ ತಪ್ಪುತ್ತದೆ.

ಈಗ ಒಬ್ಬ ಅಕ್ಕ ಕೇಳಬಹುದು. “ಹಾಗಾದರೆ ಈ ಮನೆತನದಲ್ಲಿ ಎಲ್ಲರೂ ಸಾಧುಗಳೇನು?” ಇಲ್ಲ. ದೊಡ್ಡ ಮನೆ ಅಂದ ಮೇಲೆ ಒಬ್ಬಿಬ್ಬರು ಕೆಟ್ಟವರು ಇರುತ್ತಾರೆ. ಆಫ್ರಿಕಾದಲ್ಲಿ ಬೂಮ್‌ಸ್ಲಾಂಗ್ ಅಂತ ಒಂದು ಮರ ಹಾವು ಇದೆ. ಅದು ನಮ್ಮಲ್ಲಿಲ್ಲ, ಹೆದರಬೇಡಿ. ಅಮೆರಿಕದ ಷಿಕಾಗೊ ಪಟ್ಟಣದಲ್ಲಿ ಕಾರ್ಲ್ ಷ್ಮಿಟ್ ಅಂತ ದೊಡ್ಡ ವಿದ್ವಾಂಸರಿದ್ದರು. ಜೀವನ ಪೂರ್ತಿ ಹಾವುಗಳನ್ನೇ ಓದಿದವರು. 1957ರಲ್ಲಿ ಗುರುತು ಹಿಡಿಯಲಿ ಅಂತ ಅವರ ಹತ್ತಿರ ಒಂದು ಮರಿ ಹಾವು ತಂದರು. ಅದು ಈ ಬೂಮ್‌ಸ್ಲಾಂಗ್. ಕೈಯಲ್ಲಿ ಹಿಡಿದಾಗ ಹೆಬ್ಬೆರಳಿಗೆ ಕಚ್ಚಿತು. ಮರಿ ಹಾವು, ಒಂದೇ ಹಲ್ಲು ತಾಗಿದೆ, ಏನಾಗುತ್ತದೆ ಅಂತ ಅವರು ಅಂದುಕೊಂಡರು. ಆಸ್ಪತ್ರೆಗೆ ಸೇರಲಿಲ್ಲ. ಮನೆಗೆ ಹೋಗಿ ತಮಗೆ ಏನೇನು ಆಗುತ್ತಿದೆ ಅಂತ ಬರೆಯುತ್ತಾ ಕೂತರು. ವಾಂತಿ ಬಂತು, ಒಸಡಿನಿಂದ ರಕ್ತ ಬಂತು, ಅದನ್ನೂ ಬರೆದರು. ಮರುದಿನ ಬೆಳಿಗ್ಗೆ ಸ್ವಲ್ಪ ಪರವಾಗಿಲ್ಲ ಅನ್ನಿಸಿತು. ಮಧ್ಯಾಹ್ನ ತೀರಿಕೊಂಡರು.

ಅಂಥ ಪಂಡಿತರೇ ಲೆಕ್ಕ ತಪ್ಪಿದರು. ಈಗ ನನ್ನ ಚಿಕ್ಕಮ್ಮನ ಕತೆ ಹೇಳುತ್ತೇನೆ.

ನಮ್ಮ ಮನೆಗಳ ಗೋಡೆ ಮೇಲೆ, ಹೆಂಚಿನ ಸಂದಿಯಲ್ಲಿ ಹಲ್ಲಿ ಹಿಡಿಯಲು ಒಂದು ಸಣ್ಣ ಹಾವು ಬರುತ್ತದೆ. ಒಂದು, ಒಂದೂವರೆ ಅಡಿ ಇರುತ್ತದೆ. ಕಂದು ಮೈ, ಬಿಳಿ ಪಟ್ಟೆ. ಪುಸ್ತಕದಲ್ಲಿ ಇದಕ್ಕೆ ತೋಳ ಹಾವು ಅಂತ ಹೆಸರು. ಮುಂದಿನ ಹಲ್ಲು ತೋಳದ ಹಲ್ಲಿನ ಹಾಗೆ ಉದ್ದ ಇರುವುದರಿಂದ ಆ ಹೆಸರು ಬಂತು. ವಿಷ ಇಲ್ಲ. ಇದೂ ಕೇರೆಯ ಮನೆತನದ್ದೇ. ಹೆಚ್ಚು ಕಡಿಮೆ ಇದರ ಹಾಗೇ ಕಾಣುವ ಇನ್ನೊಂದು ಹಾವು ಇದೆ. ಅದೇ ಕಟ್ಟು ಹಾವು. ಕಡಂಬಳ ಅಂತಲೂ ಕರೆಯುತ್ತಾರೆ. ಅದು ನಾಗರದ ಮನೆತನ. ಮಿರಿಮಿರಿ ಕಪ್ಪು ಮೈ, ತೆಳ್ಳನೆಯ ಬಿಳಿ ಪಟ್ಟೆ. ಅದರ ವಿಷ ನಾಗರದ ವಿಷಕ್ಕಿಂತ ಜೋರು.

ಚಿಕ್ಕಮ್ಮನ ಮನೆಯಲ್ಲಿ ಪಟ್ಟೆ ಹಾವು ಎರಡು ಸಲ ಕಂಡಿತ್ತು. “ಅದು ಗೋಡೆ ಹಾವು, ಏನೂ ಮಾಡಲ್ಲ” ಅಂತ ಮನೆಯವರು ಬಿಟ್ಟಿದ್ದರು. ಒಂದು ಸಲ ಕಂಡಿದ್ದು ಗೋಡೆ ಹಾವೇ ಇರಬಹುದು. ಇನ್ನೊಂದು ಸಲ ಕಂಡಿದ್ದು ಅದಲ್ಲ. ಮಳೆಗಾಲ. ಚಿಕ್ಕಮ್ಮ ನೆಲದ ಮೇಲೆ ಚಾಪೆ ಹಾಕಿ ಮಲಗಿದ್ದಳು. ನಸುಕಿನಲ್ಲಿ ಹೊಟ್ಟೆ ನೋವು ಅಂತ ಎದ್ದಳು. ಮೈ ಮೇಲೆ ಗಾಯ ಇಲ್ಲ, ರಕ್ತ ಇಲ್ಲ, ಊತ ಇಲ್ಲ. ಗ್ಯಾಸು ಇರಬೇಕು ಅಂತ ಓಂ ಕಾಳಿನ ನೀರು ಕೊಟ್ಟರು. ಸ್ವಲ್ಪ ಹೊತ್ತಿಗೆ ರೆಪ್ಪೆ ಇಳಿಯತೊಡಗಿತು. ನಿದ್ದೆ ಬಂದಿದೆ ಅಂದರು. ಮಾತು ತೊದಲಿತು. ಆಗ ಚಾಪೆ ಎತ್ತಿ ನೋಡಿದರೆ ಗೋಡೆ ಮೂಲೆಯಲ್ಲಿ ಹಾವು ಸುತ್ತಿಕೊಂಡಿತ್ತು.

ಮಂತ್ರ ಹಾಕುವವರ ಹತ್ತಿರ ಹೋಗೋಣ ಅಂತ ಒಬ್ಬರು, ಬೇರು ಅರೆದು ಕೊಡೋಣ ಅಂತ ಒಬ್ಬರು. ಅದರಲ್ಲೇ ಒಂದು ಗಂಟೆ ಹೋಯಿತು. ಆಮೇಲೆ ಜೀಪು ಸಿಕ್ಕಿ ಆಸ್ಪತ್ರೆಗೆ ತಲುಪಿದರು. ವಿಷದ ಔಷಧಿ ಹಾಕಿದರು. ಉಸಿರು ತಾನೇ ಆಡುತ್ತಿರಲಿಲ್ಲ, ಯಂತ್ರ ಹಾಕಿದರು. ಐದು ದಿನ ಯಂತ್ರದ ಮೇಲೆ ಇದ್ದಳು. ಉಳಿದಳು. ಈಗ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾಳೆ. ಅವಳು ಹೇಳಿದ ಒಂದು ಮಾತು ನನಗೆ ಮರೆಯುವುದಿಲ್ಲ. “ಕಣ್ಣು ತೆಗೆಯೋಕೆ ಆಗ್ತಿರಲಿಲ್ಲ, ಬೆರಳು ಅಲ್ಲಾಡಿಸೋಕೆ ಆಗ್ತಿರಲಿಲ್ಲ. ಆದರೆ ಎಲ್ಲಾ ಕೇಳಿಸ್ತಿತ್ತು ಕಣೆ. ನಾನು ಸತ್ತೆ ಅಂತ ನೀವು ಅಳೋದೂ ಕೇಳಿಸ್ತಿತ್ತು.”

ಕಟ್ಟು ಹಾವಿನ ಕಡಿತ ಹಾಗೇ. ಸೊಳ್ಳೆ ಕಚ್ಚಿದಷ್ಟೂ ತಿಳಿಯದೆ ಇರಬಹುದು. ಗಾಯ ಕಾಣುವುದೇ ಇಲ್ಲ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ನಸುಕಿನಲ್ಲಿ ಹೊಟ್ಟೆ ನೋವು ಬಂದು, ರೆಪ್ಪೆ ಇಳಿದರೆ, ಮೊದಲು ಹಾವಿನ ಅನುಮಾನ ಇಟ್ಟುಕೊಳ್ಳಿ.

ಎರಡು ಹಾವಿಗೂ ವ್ಯತ್ಯಾಸ ಇದೆ. ತೋಳ ಹಾವಿನ ಪಟ್ಟೆ ಕತ್ತಿನ ಹತ್ತಿರದಿಂದಲೇ ಶುರು, ಅಲ್ಲಿ ಅಗಲ, ಬಾಲದ ಕಡೆ ಮಸುಕು. ಕಟ್ಟು ಹಾವಿನದು ತಿರುಗುಮುರುಗು. ಕತ್ತಿನ ಹತ್ತಿರ ಪಟ್ಟೆ ಇರುವುದಿಲ್ಲ ಅಥವಾ ಮಸುಕು, ಬಾಲದ ಕಡೆ ಸ್ಪಷ್ಟ, ಜೋಡಿ ಜೋಡಿ ಗೆರೆ. ಬೆನ್ನಿನ ನಡುವೆ ದೊಡ್ಡ ಹುರುಪೆಗಳ ಒಂದು ಸಾಲು ಇರುತ್ತದೆ. ತೋಳ ಹಾವು ಗೋಡೆ ಹತ್ತುವುದರಲ್ಲಿ ಜಾಣ. ಕಟ್ಟು ಹಾವು ಹೆಚ್ಚಾಗಿ ನೆಲದಲ್ಲೇ ಇರುತ್ತದೆ. ಇದನ್ನು ಹಗಲಲ್ಲಿ, ಚಿತ್ರ ನೋಡಿ ಕಲಿಯೋಣ. ಮುಂದಿನ ವಾರ ಚಿತ್ರ ತರುತ್ತೇನೆ. ಆದರೆ ಕಚ್ಚಿಸಿಕೊಂಡ ಮೇಲೆ ಈ ಪರೀಕ್ಷೆ ಮಾಡುತ್ತಾ ಕೂರಬೇಡಿ. ದೂರದಿಂದ ಕೇರೆ ಅಂತ ಗೊತ್ತಾದರೆ ಬಿಟ್ಟುಬಿಡಿ. ಕಚ್ಚಿದ್ದು ಕೇರೆಯೇ ಇರಬೇಕು ಅಂತ ಸುಮ್ಮನಿರಬೇಡಿ. ಇವೆರಡೂ ಬೇರೆ ಬೇರೆ ಮಾತು.

ನಮ್ಮ ದೇಶದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಹಾವು ಕಚ್ಚಿ ಸಾಯುವವರಲ್ಲಿ ಹೆಚ್ಚಿನವರು ಸಾಯುವುದು ನಾಲ್ಕೇ ಹಾವುಗಳಿಂದ. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ನಾಲ್ಕರಲ್ಲಿ ಒಂದೂ ಕೇರೆಯ ಮನೆತನದ್ದಲ್ಲ. ಈ ನಾಲ್ಕಕ್ಕೂ ಔಷಧಿ ಒಂದೇ. ಅದನ್ನು ಮಾಡುವುದು ಹೇಗೆ ಅಂದರೆ, ಹಾವಿನ ವಿಷವನ್ನು ಸ್ವಲ್ಪ ಸ್ವಲ್ಪ ಕುದುರೆಗೆ ಚುಚ್ಚುತ್ತಾರೆ. ಕುದುರೆಯ ರಕ್ತ ಆ ವಿಷದ ಮೇಲೆ ಹೋರಾಡುವುದನ್ನು ಕಲಿಯುತ್ತದೆ. ಆ ರಕ್ತದಿಂದ ಔಷಧಿ ತೆಗೆಯುತ್ತಾರೆ. ಆ ವಿಷವನ್ನು ಕೊಡುವವರು ಯಾರು? ತಮಿಳುನಾಡಿನ ಇರುಳರು ಅನ್ನುವ ಬುಡಕಟ್ಟಿನ ಜನ. ಮೊದಲು ಅವರು ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದರು. ಕೇರೆ ಚರ್ಮದಿಂದ ಬೆಲ್ಟು, ಚೀಲ ಮಾಡಿ ಹೊರದೇಶಕ್ಕೆ ಕಳಿಸುತ್ತಿದ್ದ ಕಾಲ ಅದು. 1976ರಲ್ಲಿ ಸರ್ಕಾರ ಆ ವ್ಯಾಪಾರ ನಿಲ್ಲಿಸಿತು. ಇರುಳರ ಹೊಟ್ಟೆಪಾಡಿಗೆ ಕಷ್ಟ ಆಯಿತು. 1978ರಲ್ಲಿ ಅವರೇ ಸೇರಿ ಸಹಕಾರ ಸಂಘ ಮಾಡಿಕೊಂಡರು. ಈ ನಾಲ್ಕು ಹಾವು ಹಿಡಿದು, ವಿಷ ತೆಗೆದು, ಹಾವನ್ನು ಮತ್ತೆ ಬಯಲಿಗೆ ಬಿಡುತ್ತಾರೆ. ನಮ್ಮ ಸಂಘದಲ್ಲಿ ಐವತ್ತು ರೂಪಾಯಿ ಲೆಕ್ಕಕ್ಕೆ ಜಗಳ ಆಡುತ್ತೇವೆ, ಅವರು ನಾಗರ ಹಾವಿನ ಲೆಕ್ಕ ಇಡುತ್ತಾರೆ!

ಕಚ್ಚಿದಾಗ ಏನು ಮಾಡಬೇಕು, ಇದನ್ನು ಬಾಯಿಪಾಠ ಮಾಡಿ. ಹಗ್ಗ ಬಿಗಿದು ಕಟ್ಟಬೇಡಿ. ಬ್ಲೇಡಿನಲ್ಲಿ ಕೊಯ್ಯಬೇಡಿ. ಬಾಯಿ ಹಾಕಿ ಹೀರಬೇಡಿ. ಕಚ್ಚಿಸಿಕೊಂಡವರನ್ನು ನಡೆಸಬೇಡಿ, ಓಡಿಸಬೇಡಿ. ಕೈಗೋ ಕಾಲಿಗೋ ಕಚ್ಚಿದ್ದರೆ ಮುರಿದ ಮೂಳೆಗೆ ಕಟ್ಟುವ ಹಾಗೆ ಒಂದು ಕೋಲು ಇಟ್ಟು ಸಡಿಲವಾಗಿ ಬಟ್ಟೆ ಸುತ್ತಿ, ಅಲ್ಲಾಡದ ಹಾಗೆ ಮಾಡಿ. 108ಕ್ಕೆ ಫೋನು ಮಾಡಿ, ಅದು ತಡ ಅಂದರೆ ಸಿಕ್ಕಿದ ಗಾಡಿ ಹತ್ತಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಔಷಧಿಗೆ ದುಡ್ಡು ಕೊಡಬೇಕಾಗಿಲ್ಲ. ಹಾವನ್ನು ಹುಡುಕಿ ಹೊಡೆದು ಚೀಲದಲ್ಲಿ ತರುವುದು ಬೇಡ. ಡಾಕ್ಟರಿಗೆ ಹಾವು ಬೇಕಿಲ್ಲ, ರೋಗಿ ಬೇಕು.

ಇನ್ನೊಂದು ಮಾತು ಹೆಂಗಸರಿಗೇ ಹೇಳಬೇಕು. ಬಳೆ, ಉಂಗುರ, ಕಾಲುಂಗುರ, ಗೆಜ್ಜೆ ತಕ್ಷಣ ತೆಗೆಯಿರಿ. ಮಂಡಲದ ಕಡಿತಕ್ಕೆ ಕೈಕಾಲು ಜೋರಾಗಿ ಊದುತ್ತದೆ. ಬಳೆ ಒಳಗೆ ಸಿಕ್ಕಿಕೊಂಡು ರಕ್ತ ಓಡಾಡುವುದು ನಿಂತರೆ ಬೆರಳೋ ಕೈಯೋ ಹೋಗುತ್ತದೆ. ಮುತ್ತೈದೆ ಬಳೆ ತೆಗೆಯಬಾರದು ಅಂತ ಆ ಹೊತ್ತಿನಲ್ಲಿ ಯಾರಾದರೂ ಹೇಳಿದರೆ ಕೇಳಬೇಡಿ. ಗಾಜಿನ ಬಳೆ ಆದರೆ ಬಟ್ಟೆ ಸುತ್ತಿ ಒಡೆಯಿರಿ. ಜೀವ ಉಳಿದರೆ ಸಂತೆಯಲ್ಲಿ ಹೊಸ ಬಳೆ ಸಿಗುತ್ತದೆ.

ಇಷ್ಟೆಲ್ಲ ಯಾಕೆ ಹೇಳುತ್ತೇನೆ ಅಂದರೆ, ಇದು ಸಣ್ಣ ಲೆಕ್ಕ ಅಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸುಮಾರು 58,000. ಹೆಚ್ಚಿನವರು ಹಳ್ಳಿಯವರು. ಮಳೆಗಾಲದಲ್ಲೇ ಹೆಚ್ಚು. ಸತ್ತವರಲ್ಲಿ ಆಸ್ಪತ್ರೆ ತಲುಪದವರೇ ಬಹಳ ಜನ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ, ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು ಅಂತ ಆದೇಶ ಮಾಡಿತು. ಸರ್ಕಾರಿ ಆಸ್ಪತ್ರೆಯೂ ಮಾಡಬೇಕು, ಖಾಸಗಿಯೂ ಮಾಡಬೇಕು. ಮೊದಲು ಎಷ್ಟೋ ಸಾವು ಲೆಕ್ಕಕ್ಕೇ ಬರುತ್ತಿರಲಿಲ್ಲ. ನಮ್ಮ ಚಿಕ್ಕಮ್ಮ ಹೋಗಿದ್ದರೆ ಅವಳೂ ಹೊಟ್ಟೆ ನೋವಿನಿಂದ ಹೋದಳು ಅಂತಲೇ ಆಗುತ್ತಿತ್ತು.

ಕೇರೆಯ ವಿಷಯಕ್ಕೆ ವಾಪಸು ಬರುತ್ತೇನೆ. ಕೇರೆಯನ್ನು ಹೊಡೆಯುವುದು ಕಾನೂನಿನಲ್ಲೂ ತಪ್ಪು. 1972ರ ವನ್ಯಜೀವಿ ಕಾಯಿದೆ ಇದೆ. ಆದರೆ ಕಾಯಿದೆಗೆ ಹೆದರಿ ಯಾರೂ ಕೋಲು ಕೆಳಗಿಡುವುದಿಲ್ಲ, ನನಗೆ ಗೊತ್ತು. ಹಾವು ಮನೆ ಹತ್ತಿರ ಬರಬಾರದು ಅಂದರೆ ಇಲಿ ಬರಬಾರದು. ಕಾಳು ಚೆಲ್ಲದ ಹಾಗೆ ಇಡಿ. ಕಟ್ಟಿಗೆ, ಕುಳ್ಳಿನ ರಾಶಿ ಮನೆ ಗೋಡೆಗೆ ಒತ್ತಿ ಹಾಕಬೇಡಿ. ನಾಲ್ಕು ಮಾರು ದೂರ ಹಾಕಿ. ರಾಶಿಯಿಂದ ಕಟ್ಟಿಗೆ ತೆಗೆಯುವಾಗ ಮೊದಲು ಕೋಲಿನಿಂದ ತಟ್ಟಿ, ಆಮೇಲೆ ಕೈ ಹಾಕಿ. ರಾತ್ರಿ ಹೊರಗೆ ಹೋಗುವಾಗ ಟಾರ್ಚು, ಚಪ್ಪಲಿ. ಮಂಚ ಇದ್ದರೆ ಮಂಚದ ಮೇಲೆ ಮಲಗಿ. ಅದು ಇಲ್ಲದಿದ್ದರೆ ಸೊಳ್ಳೆಪರದೆ ಕಟ್ಟಿ, ಅಂಚನ್ನು ಚಾಪೆ ಕೆಳಗೆ ಸುತ್ತಲೂ ಮಡಚಿ. ಎಷ್ಟೋ ಮನೆಗಳಲ್ಲಿ ಮಂಚ ಗಂಡಸರಿಗೆ, ನೆಲ ಹೆಂಗಸರು ಮಕ್ಕಳಿಗೆ. ಈ ಮಳೆಗಾಲದಲ್ಲಿ ಸ್ವಲ್ಪ ಬದಲಾಯಿಸಿ ನೋಡಿ ಅಂತ ಮನೆಯಲ್ಲಿ ಹೇಳಿ. ಟೀಚರ್ ಹೇಳಿದರು ಅನ್ನಿ, ಬೈಗುಳ ನನಗೇ ಬರಲಿ.

ಅಜ್ಜಿ, ನೀವೇನೋ ಕೇಳಬೇಕು ಅಂತ ಕೈ ಎತ್ತಿದಿರಿ. ಹೊಡೆದ ಕೇರೆಯ ಜೋಡಿ ಬಂದು ಹನ್ನೆರಡು ವರ್ಷ ಹಗೆ ಸಾಧಿಸುತ್ತದಾ ಅಂತಾನಾ? ಇಲ್ಲ ಅಜ್ಜಿ. ಹಾವಿಗೆ ಅಷ್ಟು ನೆನಪಿಲ್ಲ. ಆದರೆ ಆ ಜಾಗಕ್ಕೆ ಇನ್ನೊಂದು ಹಾವು ಬಂದೇ ಬರುತ್ತದೆ. ಇಲಿ ಅಲ್ಲೇ ಇದೆಯಲ್ಲ. ಬರುವುದು ಕೇರೆಯೋ, ನಾಗರವೋ, ಅದನ್ನು ನಾವು ಆರಿಸೋಕೆ ಆಗಲ್ಲ.

ಅದಕ್ಕೇ ನಾಳೆ ಹಗಲು ಹೊತ್ತಿನಲ್ಲಿ ಕೈ ಬಿಡುವಾದವರು ಬನ್ನಿ. ಕೇಂದ್ರದ ಹಿಂದಿನ ಕಟ್ಟಿಗೆ ರಾಶಿ ತೆಗೆದು ಆಚೆ ಬೇಲಿ ಹತ್ತಿರ ಹಾಕೋಣ. ಉದ್ದ ಕೋಲು ಎರಡು ತನ್ನಿ, ತಟ್ಟೋಕೆ. ಚಪ್ಪಲಿ ಹಾಕಿಕೊಂಡೇ ಬನ್ನಿ.